ವಿಜ್ಞಾನದ ಉತ್ತರದಲ್ಲೂ ಕನ್ನಡ ಇದೆ, ಅದನ್ನು ಓದಿ ಅಂಕ ಕೊಡಿ!

ಕನ್ನಡದ ಯುವಕ ಯುವತಿಯರೇ,

ನವೆಂಬರ್ ಒಂದಕ್ಕೆ ನೀವು ಬಾವುಟ ಹಿಡಿಯುತ್ತೀರಿ. ಅಂಗಡಿ ಬೋರ್ಡಿನಲ್ಲಿ ಕನ್ನಡ ಮೇಲಿದೆಯೋ ಕೆಳಗಿದೆಯೋ ಎಂದು ಕತ್ತೆತ್ತಿ ನೋಡುತ್ತೀರಿ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬಾರದವನನ್ನು ದಬಾಯಿಸುತ್ತೀರಿ. ಆಗಬೇಕಾದ ಕೆಲಸವೇ. ಆದರೆ ಒಂದು ಪ್ರಶ್ನೆ. ಪ್ರತಿ ವರ್ಷ ಬೇಸಿಗೆಯ ಹೊತ್ತಿಗೆ ಹತ್ತನೇ ತರಗತಿಯ ಮಕ್ಕಳು ವಿಜ್ಞಾನದ ಪತ್ರಿಕೆಯಲ್ಲಿ ಪುಟಗಟ್ಟಲೆ ಕನ್ನಡ ಬರೆಯುತ್ತಾರಲ್ಲ, ಆ ಕನ್ನಡವನ್ನು ಯಾರು, ಹೇಗೆ ಓದಿ ಅಂಕ ಹಾಕುತ್ತಾರೆ ಎಂದು ಎಂದಾದರೂ ಕೇಳಿದ್ದೀರಾ?

ಗೋಕಾಕ್ ಚಳವಳಿ ನಡೆದದ್ದು 1982ರಲ್ಲಿ. ಪ್ರಥಮ ಭಾಷೆಯ ಪತ್ರಿಕೆ ಕನ್ನಡದ್ದೇ ಆಗಬೇಕೆಂದು ನಾಡಿಗೆ ನಾಡೇ ಬೀದಿಗಿಳಿಯಿತು. ಡಾ. ರಾಜ್ ಬಂದರು, ಸರ್ಕಾರ ಅಲ್ಲಾಡಿತು. ಅಂದಿನಿಂದ ನಮಗೆ ಕನ್ನಡವೆಂದರೆ ಕನ್ನಡ ಪತ್ರಿಕೆ ಅಷ್ಟೇ. ಭೌತ, ರಸಾಯನ, ಜೀವಶಾಸ್ತ್ರ ಮೂರನ್ನೂ ಒಟ್ಟಿಗೆ ಕಟ್ಟಿದ 80 ಅಂಕದ ವಿಜ್ಞಾನ ಪತ್ರಿಕೆ ಇದೆಯಲ್ಲ, ಅದರೊಳಗಿನ ಕನ್ನಡ ಯಾರಿಗೂ ಬೇಡದ ಕೂಸು.

ನನ್ನದು ಒಂದು ಸಣ್ಣ ಪ್ರೆಸ್ಸು. ಓದಿದ್ದು ಪಿಯುಸಿ. ಮದುವೆ ಕಾರ್ಡು, ಬಿಲ್ ಪುಸ್ತಕ, ಜಾತ್ರೆ ಪೋಸ್ಟರು, ಜೊತೆಗೆ ಶಾಲೆಗಳ ಪ್ರಶ್ನೆಪತ್ರಿಕೆ ಅಚ್ಚು ಮಾಡುತ್ತೇನೆ. ವಿಜ್ಞಾನ ಕಲಿಸುವಷ್ಟು ಪಂಡಿತ ನಾನಲ್ಲ. ಆದರೆ ಪ್ರೂಫ್ ಓದುವುದು ಗೊತ್ತು. ಪ್ರೂಫ್ ಓದುವವನು ಅರ್ಥ ನೋಡುವುದಿಲ್ಲ, ಅಕ್ಷರ ನೋಡುತ್ತಾನೆ. ಒತ್ತು ಬಿದ್ದಿದೆಯೇ, ದೀರ್ಘ ಇದೆಯೇ, ಮೂಲಪ್ರತಿಯಲ್ಲಿದ್ದ ಪದವೇ ಇಲ್ಲಿದೆಯೇ? ಅಷ್ಟೇ. ಅರ್ಥಕ್ಕೆ ಹೋದನೋ ತಪ್ಪು ಕಣ್ತಪ್ಪಿಸುತ್ತದೆ. ಉತ್ತರಪತ್ರಿಕೆ ನೋಡುವವನ ಕಣ್ಣು ಇದಕ್ಕೆ ತದ್ವಿರುದ್ಧ ಇರಬೇಕು. ಅವನು ಮೊದಲು ಅರ್ಥ ಹಿಡಿಯಬೇಕು. ಮಾದರಿ ಉತ್ತರದಲ್ಲಿ ಅಡಿಗೆರೆ ಎಳೆದ ಪದ ಇದೆಯೋ ಇಲ್ಲವೋ ಎಂದು ಹುಡುಕುವುದು ಪ್ರೂಫ್ ಓದುವ ಕೆಲಸ. ಅದಕ್ಕೆ ಬಿ.ಎಸ್ಸಿ., ಬಿ.ಎಡ್. ಏಕೆ ಬೇಕು, ನನ್ನನ್ನೇ ಕರೆಯಬಹುದು!

ನಮ್ಮ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಈಗ ದಾವಣಗೆರೆ ಜಿಲ್ಲೆಯವು. 1997ರಲ್ಲಿ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಚನ್ನಗಿರಿಯಲ್ಲಿ ಅಡಿಕೆ ತೋಟ, ಜಗಳೂರಿನಲ್ಲಿ ಬರ. ಒಂದೇ ಜಿಲ್ಲೆಯಾದರೂ ಮಕ್ಕಳ ಬಾಯಲ್ಲಿರುವ ಕನ್ನಡ ಒಂದೇ ಅಲ್ಲ. ಪುಸ್ತಕದ ಕನ್ನಡವಂತೂ ಇವರಾರದೂ ಅಲ್ಲ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಏನಾಗುತ್ತದೆ, ಇದು ಯಾವ ಬಗೆಯ ಕ್ರಿಯೆ ಎಂದು ಪ್ರಶ್ನೆ ಬಂತು ಎಂದಿಟ್ಟುಕೊಳ್ಳಿ. ಪುಸ್ತಕದ ಉತ್ತರ: ಕ್ಯಾಲ್ಸಿಯಂ ಆಕ್ಸೈಡ್ ನೀರಿನೊಂದಿಗೆ ವರ್ತಿಸಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಇದು ಸಂಯೋಗ ಕ್ರಿಯೆ, ಬಹಿರುಷ್ಣಕ ಕ್ರಿಯೆ. ಚನ್ನಗಿರಿಯ ಹಳ್ಳಿ ಹುಡುಗಿಗೆ ಸುಣ್ಣವೆಂದರೆ ಪುಸ್ತಕದ ವಸ್ತುವೇ? ಅಡಿಕೆ ನಾಡಿನ ಕೂಸು ಅದು. ಅಜ್ಜಿಯ ಎಲೆಯಡಿಕೆ ಚೀಲದಿಂದ ಹಿಡಿದು ಗೋಡೆಗೆ ಬಳಿಯುವವರೆಗೆ ಸುಣ್ಣ ನೋಡಿಯೇ ಬೆಳೆದವಳು. ಅವಳು ಹೀಗೆ ಬರೆಯಬಹುದು: ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಕೊತಕೊತ ಕುದ್ದು ಅರಳುತ್ತದೆ, ಕಲ್ಲೂ ನೀರೂ ಸೇರಿ ಒಂದೇ ಆಗುತ್ತದೆ, ಬಿಸಿ ಹೊರಗೆ ಬಂದು ಗಡಿಗೆ ಮುಟ್ಟಲಾಗುವುದಿಲ್ಲ.

ಈಗ ಹೇಳಿ. ಎರಡು ಸೇರಿ ಒಂದಾಗುವುದು ಸಂಯೋಗ ಅಲ್ಲವೇ? ಬಿಸಿ ಹೊರಗೆ ಬರುವುದು ಬಹಿರುಷ್ಣಕ ಅಲ್ಲವೇ? ಬಹಿರ್ ಅಂದರೆ ಹೊರಗೆ, ಉಷ್ಣ ಅಂದರೆ ಬಿಸಿ. ಸಂಸ್ಕೃತದಲ್ಲಿ ಹೇಳಿದರೆ ಒಂದು ಅಂಕ, ಕನ್ನಡದಲ್ಲಿ ಹೇಳಿದರೆ ಸೊನ್ನೆ, ಇದು ಯಾವ ಊರಿನ ನ್ಯಾಯ? ರಾಸಾಯನಿಕದ ಹೆಸರು ಬರೆದಿಲ್ಲವೆಂದು ಅದರ ಪಾಲಿನ ಅರ್ಧ ಅಂಕ ಕಳೆಯಿರಿ, ತಕರಾರಿಲ್ಲ. ಸಮೀಕರಣ ಕೇಳಿದ್ದರೆ ಸಮೀಕರಣ ಬರೆಯಲೇಬೇಕು, ಅಲ್ಲಿ ಚೌಕಾಸಿ ಇಲ್ಲ. ತಿಳಿದು ಬರೆದದ್ದಕ್ಕೆ ಮಾತ್ರ ಕೈ ಹಿಡಿಯಬೇಡಿ.

ಜಗಳೂರಿನ ಹುಡುಗನ ಕಥೆ ಸ್ವಲ್ಪ ಬೇರೆ. ಗಡಸು ನೀರಿನಲ್ಲಿ ಸಾಬೂನು ಏಕೆ ನೊರೆ ಕೊಡುವುದಿಲ್ಲ? ಕೊಳವೆಬಾವಿಯ ನೀರಲ್ಲಿ ಬಟ್ಟೆ ತಿಕ್ಕಿ ತಿಕ್ಕಿ ಸೋತ ಮನೆಯ ಹುಡುಗ ಅವನು. ‘ಸವಳು ನೀರು, ಅದಕ್ಕೇ ನೊರೆ ಬರಲ್ಲ’ ಎಂದು ಬರೆದು ಬಿಟ್ಟರೆ ಅದು ಸಾಲದು. ಸವಳು ಬೇರೆ, ಗಡಸು ಬೇರೆ. ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸಾಬೂನಿನ ಜೊತೆ ಸೇರಿ ಕರಗದ ಗಸಿಯಾಗುತ್ತವೆ ಎಂಬುದು ಬರಬೇಕು. ಅದು ಬಂದಿದ್ದು, ನೀರಿಗೆ ಮಾತ್ರ ಸವಳು ಎಂದಿದ್ದರೆ ಪೂರ್ತಿ ಅಂಕ ಕೊಡಿ. ಹಾಗೆಯೇ ಪೀನ ಮಸೂರವನ್ನು ಉಬ್ಬು ಮಸೂರ ಎಂದರೆ ಸರಿ. ಪೀನ ಬರೆಯಬೇಕಾದಲ್ಲಿ ನಿಮ್ನ ಎಂದರೆ ತಪ್ಪು, ಅಂಕ ಹೋಗಲೇಬೇಕು. ಅಲ್ಲಿ ಕನ್ನಡಾಭಿಮಾನ ತಂದು ಗಲಾಟೆ ಮಾಡಬೇಡಿ.

ಇನ್ನು ಆಮ್ಲಜನಕದ ಪುರಾಣ. 2018-19ರಿಂದ ಹತ್ತನೇ ತರಗತಿಗೆ ಬಂದದ್ದು ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದ ಕನ್ನಡ ಅನುವಾದ. ಅದರಲ್ಲಿ ಆಕ್ಸಿಜನ್, ಹೈಡ್ರೋಜನ್, ಕಾರ್ಬನ್. ಮನೆಗೆ ಬರುವ ಪತ್ರಿಕೆಯಲ್ಲಿ ಆಮ್ಲಜನಕ, ಜಲಜನಕ, ಇಂಗಾಲ. 2021ರ ಕೊರೊನಾ ಕಾಲದಲ್ಲಿ ಆಮ್ಲಜನಕ ಎಂಬ ಪದ ಓದದ ಕನ್ನಡಿಗ ಇದ್ದನೇ? ‘ಆಮ್ಲಜನಕ ಎಂಬ ಹೆಸರೇ ವೈಜ್ಞಾನಿಕವಾಗಿ ತಪ್ಪು, ಎಲ್ಲ ಆಮ್ಲದಲ್ಲೂ ಅದು ಇರುವುದಿಲ್ಲ’ ಎಂದು ಮೂಗು ಮುರಿಯುವ ಪಂಡಿತರಿದ್ದಾರೆ. ನಿಜ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಲ್ಲ. ಆದರೆ ಸ್ವಾಮಿ, 18ನೇ ಶತಮಾನದಲ್ಲಿ ಫ್ರಾನ್ಸಿನ ಲಾವೋಸಿಯೆ ಇಟ್ಟ ಆಕ್ಸಿಜನ್ ಎಂಬ ಹೆಸರಿಗೂ ಆಮ್ಲವನ್ನು ಹುಟ್ಟಿಸುವುದು ಎಂದೇ ಅರ್ಥ! ನಮ್ಮ ಹಿರಿಯರು ಮಾಡಿದ್ದು ಅದರ ನೇರ ಅನುವಾದ. ತಪ್ಪಾದರೆ ಎರಡೂ ತಪ್ಪು, ಸರಿಯಾದರೆ ಎರಡೂ ಸರಿ. ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದ್ದು 1918ರಲ್ಲಿ. ನೂರು ವರ್ಷ ದಾಟಿದ ಪದಸಂಪತ್ತು ಇದು. ಪುಸ್ತಕ ಬದಲಾಯಿತೆಂದು ಪದ ಸಾಯುವುದಿಲ್ಲ.

ಹಾಗೆಂದು ಮೇಷ್ಟ್ರನ್ನು ಬೈಯಲು ಹೊರಡಬೇಡಿ. ಮೌಲ್ಯಮಾಪನ ಕೇಂದ್ರದ ಸೆಖೆಯಲ್ಲಿ ದಿನವಿಡೀ ಬಂಡಲ್ ಬಿಚ್ಚಿ ಕೂರುವವರೂ ಇದೇ ಹಳ್ಳಿಗಳಿಂದ ಓದಿ ಬಂದವರು. ಪಿಸಿಎಂ ಓದಿದವರಿಗೆ ಜೀವಶಾಸ್ತ್ರ ಪಿಯುಸಿಗೇ ದೂರವಾಗಿರುತ್ತದೆ, ಸಿಬಿಝಡ್ ಓದಿದವರಿಗೆ ಭೌತಶಾಸ್ತ್ರ. ಮೂರೂ ಕಲಸಿದ ಪತ್ರಿಕೆಯಲ್ಲಿ ತನ್ನದಲ್ಲದ ವಿಷಯ ಬಂದಾಗ ಯಾರೇ ಆಗಲಿ ಮಾದರಿ ಉತ್ತರದ ಪದಕ್ಕೇ ಜೋತುಬೀಳುತ್ತಾರೆ. ಆದ್ದರಿಂದ ತಿದ್ದಬೇಕಾದ್ದು ಆ ಮಾದರಿ ಉತ್ತರವನ್ನು. ಆಮ್ಲಜನಕ ಅಥವಾ ಆಕ್ಸಿಜನ್, ಉಬ್ಬು ಅಥವಾ ಪೀನ, ಹೀಗೆ ಒಪ್ಪಬಹುದಾದ ಕನ್ನಡ ಪದಗಳನ್ನೆಲ್ಲ ಅದರಲ್ಲೇ ಅಚ್ಚು ಮಾಡಲಿ. ಅರ್ಧ ಪುಟ ಹೆಚ್ಚಾದೀತು. ಕಾಗದದ ಬೆಲೆ ನನಗೆ ಗೊತ್ತು, ಅಷ್ಟೇನೂ ಹೊರೆಯಲ್ಲ.

ಒಂದು ಅಂಕಕ್ಕೆ ಇಷ್ಟು ರಂಪವೇ ಎನ್ನಬೇಡಿ. 2018ರಲ್ಲಿ ಬೆಳಗಾವಿಯ ವಿದ್ಯಾರ್ಥಿಯೊಬ್ಬನಿಗೆ 625ಕ್ಕೆ 624 ಬಂತು. ಹೋದ ಒಂದು ಅಂಕ ವಿಜ್ಞಾನದ್ದು. ಮರುಮೌಲ್ಯಮಾಪನಕ್ಕೆ ಹಾಕಿದ, ಆ ಅಂಕ ಸಿಕ್ಕಿತು, 625 ಆಯಿತು. ಪತ್ರಿಕೆಗಳೆಲ್ಲ ಬರೆದವು. ಸಂತೋಷ. ಆದರೆ 80ಕ್ಕೆ 28 ಬೇಕಿದ್ದ ಕಾಲದಲ್ಲಿ 27 ತೆಗೆದುಕೊಂಡ ಜಗಳೂರಿನ ಹುಡುಗನ ಒಂದು ಅಂಕವನ್ನು ಯಾರು ಹುಡುಕಿದರು? ಅವನಿಗೆ ಸಿಕ್ಕರೆ ಕೃಪಾಂಕ. 2024ರಲ್ಲಿ ಶೇ. 10 ಇದ್ದ ಕೃಪಾಂಕವನ್ನು ಶೇ. 20ಕ್ಕೆ ಏರಿಸಿಯೂ ತೇರ್ಗಡೆಯಾದವರು ಶೇ. 73.40. ಉತ್ತರ ಓದಿ ಕೊಡಬೇಕಾದ ಅಂಕ ಕೊಡದೆ, ಆಮೇಲೆ ಕೃಪೆ ತೋರುವುದು! ಕೃಪೆ ಯಾರಿಗೆ ಬೇಕಿತ್ತು?

ಇದು ಹಳ್ಳಿ ಮಕ್ಕಳ ಪಾಡು, ನಮಗೇನು ಎಂದುಕೊಂಡಿರಾ? 2024ರ ಆಗಸ್ಟ್ 27ರಂದು ನಡೆದ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆ ನೆನೆಸಿಕೊಳ್ಳಿ. ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟು ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು, ಅದರಲ್ಲೂ ಅದೇ ಹಣೆಬರಹ. ಬೀದಿಗಿಳಿದವರು ನಿಮ್ಮ ವಯಸ್ಸಿನವರೇ. ಅಲ್ಲಿ ಪ್ರಶ್ನೆಯ ಕನ್ನಡ ಕೆಟ್ಟಿತ್ತು, ಇಲ್ಲಿ ಉತ್ತರದ ಕನ್ನಡಕ್ಕೆ ಬೆಲೆಯಿಲ್ಲ.

ಈಗ ನೀವು ಮಾಡಬೇಕಾದ್ದು. ಪರೀಕ್ಷೆ ಮುಗಿದ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ಮಾದರಿ ಉತ್ತರ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ. ದೊರೆಯುವುದು ಕೆಲವೇ ದಿನ. ಸಂಘಕ್ಕೆ ಒಬ್ಬರಂತೆ ವಿಜ್ಞಾನ ಓದಿದವರು ಕೂತು ಕನ್ನಡ ಪ್ರತಿಯನ್ನು ಸಾಲು ಸಾಲಾಗಿ ಓದಿ, ಬಿಟ್ಟುಹೋದ ಪದಗಳನ್ನು ಬರೆದು ಕಳಿಸಿ. ಉತ್ತರಪತ್ರಿಕೆ ನೋಡುವುದು ವಿದ್ಯಾರ್ಥಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಮಂಡಲಿಯೂ ಶುಲ್ಕ ಪಡೆದು ಸ್ಕ್ಯಾನ್ ಪ್ರತಿ ಕೊಡುತ್ತದೆ. ಫಲಿತಾಂಶದ ವಾರ ನಿಮ್ಮ ಊರಿಗೆ ಹೋಗಿ. ಅಂಚಿನಲ್ಲಿ ನಪಾಸಾದ ಮಗುವಿನ ಶುಲ್ಕ ನೀವು ಕಟ್ಟಿ, ಬಾವುಟದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಸಾಕು. ಪ್ರತಿ ಕೈಗೆ ಬಂದ ಮೇಲೆ ಮೊದಲು ಪುಟ ಎಣಿಸಿ, ಆಮೇಲೆ ಮುಖಪುಟದ ಕೂಡಿಕೆ ನೋಡಿ, ಅಂಕ ಹಾಕದೆ ಬಿಟ್ಟ ಉತ್ತರ ಇದೆಯೇ ಹುಡುಕಿ. ಕೊನೆಗೆ ಮಾದರಿ ಉತ್ತರ ಪಕ್ಕದಲ್ಲಿಟ್ಟುಕೊಂಡು, ಮಗು ಹೇಳಿದ ಅರ್ಥ ಏನೆಂದು ಓದಿ. ಅನ್ಯಾಯ ಕಂಡರೆ ಕೊನೆಯ ದಿನಾಂಕ ದಾಟುವ ಮುಂಚೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿಸಿ. ಕಾಣದಿದ್ದರೆ ಮಗುವಿಗೆ ಅದನ್ನೂ ನೇರವಾಗಿ ಹೇಳಿ, ಮುಂದಿನ ಪರೀಕ್ಷೆಗೆ ಪುಸ್ತಕ ಬಿಚ್ಚಿ ಕೂರಿಸಿ.