ನಿಶ್ಚಿತಾರ್ಥಕ್ಕೆ ಮೊದಲು ವೀಸಾ ವಿಚಾರಿಸಿ

ವಿದೇಶದಲ್ಲಿರುವ ಹುಡುಗನ ಸಂಬಂಧ ಬಂದರೆ ನಮ್ಮ ಮನೆಗಳಲ್ಲಿ ಜಾತಕ, ಸಂಬಳ, ಮನೆತನ ಎಲ್ಲವನ್ನೂ ವಿಚಾರಿಸುತ್ತಾರೆ. ಅವನು ಯಾವ ವೀಸಾದಲ್ಲಿದ್ದಾನೆ, ಆ ವೀಸಾದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಬಹುದೇ, ಹೋದವಳು ಅಲ್ಲಿ ಕೆಲಸ ಮಾಡಬಹುದೇ ಎಂದು ಕೇಳುವವರು ಕಡಿಮೆ. ಕೇಳದಿದ್ದರೂ ಹೇಗೋ ನಡೆಯುತ್ತಿದ್ದ ಕಾಲ ಮುಗಿಯುತ್ತಿದೆ. 2024ರಿಂದೀಚೆಗೆ ಬ್ರಿಟನ್, ಕೆನಡಾ, ಅಮೆರಿಕ ಮೂರೂ ನಿಯಮ ಬಿಗಿ ಮಾಡಿವೆ. ಈ ಬದಲಾವಣೆಯ ಪೆಟ್ಟು ಮೊದಲು ಬೀಳುವುದು ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಮೇಲೆ.

ಬ್ರಿಟನ್ನಿನಲ್ಲಿ ಎಂ.ಎಸ್ಸಿ., ಎಂ.ಬಿ.ಎ. ಓದುತ್ತಿರುವವರು 2024ರ ಜನವರಿಯಿಂದ ಪತ್ನಿಯನ್ನು ಜೊತೆಗೆ ಕರೆದೊಯ್ಯುವಂತಿಲ್ಲ. ಆ ಅವಕಾಶ ಬಹುತೇಕ ಸಂಶೋಧನಾ ವಿದ್ಯಾರ್ಥಿಗಳಿಗಷ್ಟೇ ಉಳಿದಿದೆ. ಅಲ್ಲಿನ ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಇರುವವರು ಹೆಂಡತಿಯನ್ನು ಕರೆಸಿಕೊಳ್ಳಲು ವರ್ಷಕ್ಕೆ 18,600 ಪೌಂಡ್ ಆದಾಯ ತೋರಿಸಿದರೆ ಸಾಕಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್ ಆಯಿತು. ಕೆನಡಾ 2025ರ ಜನವರಿಯಲ್ಲಿ ವಿದ್ಯಾರ್ಥಿಗಳ ಸಂಗಾತಿಗೆ ಕೊಡುತ್ತಿದ್ದ ಕೆಲಸದ ಪರವಾನಗಿಯನ್ನು ಮೊಟಕುಗೊಳಿಸಿತು. ಅಮೆರಿಕ 2025ರ ಡಿಸೆಂಬರ್ 15ರಿಂದ ಎಚ್-1ಬಿ ಎಂಬ ಕೆಲಸದ ವೀಸಾದ ಉದ್ಯೋಗಿಗಳ ಮತ್ತು ಅವರ ಎಚ್-4 ಅವಲಂಬಿತರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ತಪಾಸಣೆಗೆ ಒಳಪಡಿಸಿತು. ಅದರ ಬೆನ್ನಲ್ಲೇ ಭಾರತದಲ್ಲಿ ನಿಗದಿಯಾಗಿದ್ದ ಅನೇಕ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋದವು. ಮೂರು ವಾರದ ರಜೆಯಲ್ಲಿ ಬಂದು, ತಾಳಿ ಕಟ್ಟಿ, ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ವೀಸಾ ಸ್ಟ್ಯಾಂಪಿಂಗ್ ಮುಗಿಸಿ ಇಬ್ಬರೂ ವಿಮಾನ ಹತ್ತುವ ಲೆಕ್ಕಾಚಾರವನ್ನು ಇನ್ನು ನೆಚ್ಚಿಕೊಳ್ಳುವಂತಿಲ್ಲ.

'ಹುಡುಗನಿಗೆ ಅಮೆರಿಕದ ಗ್ರೀನ್ ಕಾರ್ಡ್ ಇದೆ' ಎಂಬ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು. ಆದರೆ ಹೆಂಡತಿಯನ್ನು ಕರೆಸಿಕೊಳ್ಳುವ ವಿಚಾರದಲ್ಲಿ ಲೆಕ್ಕ ಬೇರೆ. ಎಚ್-1ಬಿಯಲ್ಲಿರುವವನ ಪತ್ನಿಗೆ ಸಂದರ್ಶನದ ದಿನ ಸಿಕ್ಕರೆ ಎಚ್-4 ವೀಸಾ ದೊರೆಯಬಹುದು. ಗ್ರೀನ್ ಕಾರ್ಡ್ ಪಡೆದ ಮೇಲೆ ಮದುವೆಯಾದವನ ಪತ್ನಿ ವಾರ್ಷಿಕ ಮಿತಿಯಿರುವ ಎಫ್2ಎ ಎಂಬ ಸಾಲಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಕಾರ್ಡು ಕೈಸೇರುವ ಮೊದಲೇ ಮದುವೆಯಾಗಿದ್ದರೆ ಆಕೆಗೆ ಅವನ ಅರ್ಜಿಯ ಆಧಾರದಲ್ಲೇ ಕಾರ್ಡು ಸಿಗುವ ದಾರಿ ಇತ್ತು. ಮದುವೆಯ ತಾರೀಖು ಒಂದು ತಿಂಗಳು ಹಿಂದೆಮುಂದೆ ಆದರೆ ದಂಪತಿ ವರ್ಷಗಳ ಕಾಲ ಬೇರೆಯಾಗಿ ಬದುಕಬೇಕಾದೀತು.

ಹೋಗಿ ತಲುಪಿದ ಮೇಲೂ ಪರಾಧೀನತೆ ತಪ್ಪುವುದಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದವಳಿಗೂ ಎಚ್-4ರಲ್ಲಿ ಕೆಲಸಕ್ಕೆ ತಾನಾಗಿ ಹಕ್ಕಿಲ್ಲ. ಬಹುಮಟ್ಟಿಗೆ ಗಂಡನ ಗ್ರೀನ್ ಕಾರ್ಡಿಗಾಗಿ ಉದ್ಯೋಗದಾತ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಮಾತ್ರ ಅನುಮತಿ, ಅದೂ 2015ರಿಂದೀಚೆಗೆ. ಗಂಡನ ಕೆಲಸ ಹೋದರೆ, ವಿಚ್ಛೇದನವಾದರೆ ಅವಳ ವಾಸದ ಆಧಾರವೇ ಕುಸಿಯುತ್ತದೆ. ಅಮೆರಿಕದ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಇರುವವನ ಪತ್ನಿ ಹಿಂಸೆಗೊಳಗಾದರೆ ಗಂಡನ ಸಹಿ ಇಲ್ಲದೆ ತಾನೇ ಅರ್ಜಿ ಹಾಕಲು ಮಹಿಳೆಯರ ಮೇಲಿನ ದೌರ್ಜನ್ಯದ ವಿರುದ್ಧದ ಅಲ್ಲಿನ 1994ರ ಕಾಯ್ದೆ ಅವಕಾಶ ಕೊಟ್ಟಿದೆ. ಎಚ್-1ಬಿ ಉದ್ಯೋಗಿಯ ಪತ್ನಿಗೆ ಆ ದಾರಿ ಇಲ್ಲ. ಒಳ್ಳೆಯ ಸಂಸಾರದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕೆಟ್ಟ ಸಂಸಾರದಲ್ಲಿ 'ವೀಸಾ ರದ್ದು ಮಾಡಿಸುತ್ತೇನೆ' ಎಂಬ ಒಂದೇ ಮಾತು ಅವಳ ಬಾಯಿ ಮುಚ್ಚಿಸುತ್ತದೆ.

ಇಲ್ಲಿನ ಕಾನೂನು ಏನು ಮಾಡಿದೆ? ವಿದೇಶಿ ನ್ಯಾಯಾಲಯ ಕೊಟ್ಟ ವಿಚ್ಛೇದನ ಇಲ್ಲಿ ತಾನಾಗಿ ಊರ್ಜಿತವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ನರಸಿಂಹ ರಾವ್ ಪ್ರಕರಣದಲ್ಲಿ ಹೇಳಿತು. ಎಲ್ಲ ಮದುವೆಗಳನ್ನೂ ನೋಂದಾಯಿಸಬೇಕೆಂದು 2006ರಲ್ಲಿ ನಿರ್ದೇಶಿಸಿತು. ಅನಿವಾಸಿ ಭಾರತೀಯರ ಮದುವೆಯನ್ನು 30 ದಿನಗಳೊಳಗೆ ನೋಂದಾಯಿಸಬೇಕು, ತಪ್ಪಿದರೆ ಪಾಸ್‌ಪೋರ್ಟ್ ವಶಪಡಿಸಿಕೊಳ್ಳಬಹುದು ಎನ್ನುವ ಮಸೂದೆ 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ಬಂತು, ಇನ್ನೂ ಕಾಯ್ದೆಯಾಗಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಋತುರಾಜ್ ಅವಸ್ಥಿ ನೇತೃತ್ವದ ಕಾನೂನು ಆಯೋಗ 2024ರಲ್ಲಿ ತನ್ನ 287ನೇ ವರದಿಯಲ್ಲಿ ಇಂಥ ಮದುವೆಗಳಿಗೆ ಸಮಗ್ರ ಕಾನೂನೇ ಬೇಕೆಂದು ಹೇಳಿತು. ಸಂಸತ್ತು ಇನ್ನೂ ಕೈಕಟ್ಟಿ ಕೂರುವುದು ಸಲ್ಲದು.

ದಿಲ್ಲಿಯ ದಾರಿ ಕಾಯದೆ ನಮ್ಮ ರಾಜ್ಯ ಮಾಡಬಹುದಾದ ಕೆಲಸವೂ ಇದೆ. ಮದುವೆ ನೋಂದಣಿಗೆ ಬರುವ ಜೋಡಿಯಲ್ಲಿ ಒಬ್ಬರು ವಿದೇಶವಾಸಿಯಾಗಿದ್ದರೆ ಅವರ ವೀಸಾದ ಬಗೆ, ಅಲ್ಲಿನ ವಿಳಾಸ, ಉದ್ಯೋಗದ ವಿವರ ದಾಖಲಿಸಿಕೊಳ್ಳಲು ಉಪನೋಂದಣಾಧಿಕಾರಿಗಳಿಗೆ ಸೂಚಿಸಬೇಕು. ರಾಜ್ಯ ಮಹಿಳಾ ಆಯೋಗವೂ ಅನಿವಾಸಿ ಭಾರತೀಯ ಸಮಿತಿಯೂ ಸೇರಿ ಇಂಥ ಕುಟುಂಬಗಳಿಗೆ ಕನ್ನಡದಲ್ಲಿ ಸಲಹೆ ಕೊಡುವ ಕೇಂದ್ರ ತೆರೆಯಬೇಕು.

ಹೆತ್ತವರಿಗೆ ಒಂದು ಮಾತು. ಛತ್ರ ಗೊತ್ತು ಮಾಡುವ ಮೊದಲು ವೀಸಾದ ಪ್ರತಿ, ಉದ್ಯೋಗದ ಪತ್ರ, ತೆರಿಗೆ ದಾಖಲೆ ಕೇಳಿ ನೋಡಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಬೀಗರಿದ್ದರೆ ಮದುವೆಗೆ ಮೊದಲೇ ಗೊತ್ತಾಗುವುದು ಒಳ್ಳೆಯದು. ವಿಸಿಟರ್ ವೀಸಾದಲ್ಲಿ ಕಳುಹಿಸಿ, ಆಮೇಲೆ ಬದಲಾಯಿಸಿಕೊಳ್ಳೋಣ ಎನ್ನುವ ಏಜೆಂಟರ ಮಾತು ಕೇಳಬೇಡಿ. ಸುಳ್ಳು ಹೇಳಿ ಒಳಹೋದವರಿಗೆ ಅಮೆರಿಕ ಜೀವಮಾನದ ನಿಷೇಧ ಹೇರಬಹುದು. ಮದುವೆಯನ್ನು ಕೂಡಲೇ ನೋಂದಾಯಿಸಿ. ಮಗಳ ಪಾಸ್‌ಪೋರ್ಟ್, ಪದವಿ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ ಅವಳ ಕೈಯಲ್ಲೇ ಇರಲಿ, ಪ್ರತಿಗಳು ತವರಿನಲ್ಲಿರಲಿ. ವೀಸಾ ಬರುವ ಮೊದಲೇ ಅವಳ ಕೆಲಸ ಬಿಡಿಸಬೇಡಿ. ಮಗಳಿಗೆ ಕೊಟ್ಟು ಕಳುಹಿಸುವ ಒಡವೆಗಿಂತ ಅವಳ ಹೆಸರಿನ ಕಾಗದಪತ್ರ ಮತ್ತು ತನ್ನ ಹಕ್ಕಿನ ತಿಳಿವಳಿಕೆಯೇ ಪರದೇಶದಲ್ಲಿ ಅವಳನ್ನು ಕಾಯುತ್ತದೆ.