ಓಲ್ಡ್ ಬ್ರಿಡ್ಜ್‌ನ ಕರೆಂಟ್ ಬಿಲ್: ಕರಾರಿಗೆ ಈಗಲೇ ಸಹಿ ಹಾಕಬೇಕೇ, ಫೆಬ್ರವರಿವರೆಗೆ ಕಾಯಬೇಕೇ?

ಓಲ್ಡ್ ಬ್ರಿಡ್ಜ್ (ನ್ಯೂಜೆರ್ಸಿ): ಡಿಸೆಂಬರ್ ಕೊನೆಯ ವಾರ ನಮ್ಮ ಮನೆಗೆ ಒಂದು ಪತ್ರ ಬಂತು. ವಿದ್ಯುತ್ತಿನ ಸ್ಥಿರ ದರದ ಕರಾರು ಜನವರಿಯಲ್ಲಿ ಮುಗಿಯುತ್ತದೆ, ಇನ್ನೂ 24 ತಿಂಗಳಿಗೆ ನವೀಕರಿಸುತ್ತೀರಾ ಎಂಬ ಪ್ರಶ್ನೆ. ಇಲ್ಲಿನ ಕನ್ನಡಿಗರು ನಾಲ್ವರು ಸೇರಿದರೆ ಈಗ ಇದೇ ಮಾತು.

ಊರಿನಲ್ಲಿರುವವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಕೆಇಆರ್‌ಸಿ ದರ ನಿಗದಿ ಮಾಡುತ್ತದೆ, ಬೆಸ್ಕಾಂ ಅಥವಾ ಮೆಸ್ಕಾಂ ಬಿಲ್ ಕೊಡುತ್ತದೆ. ಗ್ರಾಹಕನಿಗೆ ಆಯ್ಕೆ ಇಲ್ಲ. ನ್ಯೂಜೆರ್ಸಿಯಲ್ಲಿ 1999ರ ಕಾನೂನು ಬಿಲ್ಲನ್ನು ಎರಡು ಭಾಗ ಮಾಡಿತು. ತಂತಿ, ಕಂಬ, ಮೀಟರ್ ನಮ್ಮಲ್ಲಿ ಜರ್ಸಿ ಸೆಂಟ್ರಲ್ ಪವರ್ ಆ್ಯಂಡ್ ಲೈಟ್ ಕಂಪನಿಯದು, ಅದು ಬದಲಾಗುವುದಿಲ್ಲ. ವಿದ್ಯುತ್ತನ್ನು ಮಾತ್ರ ಬೇರೆ ಪೂರೈಕೆದಾರರಿಂದ ಕೊಳ್ಳಬಹುದು. ಕೊಳ್ಳದವರಿಗೆ ಪ್ರತಿ ಫೆಬ್ರವರಿಯ ಹರಾಜಿನಲ್ಲಿ ತೀರ್ಮಾನವಾಗುವ ಮೂಲ ದರ ಜೂನ್ 1ರಿಂದ ಅನ್ವಯಿಸುತ್ತದೆ.

ಈ ಹರಾಜಿನಲ್ಲಿ ಒಂದು ಗುಟ್ಟಿದೆ. ಪ್ರತಿ ವರ್ಷ ಅಗತ್ಯದ ಮೂರನೇ ಒಂದು ಭಾಗವನ್ನು ಮಾತ್ರ, ಮೂರು ವರ್ಷದ ಅವಧಿಗೆ ಕೊಳ್ಳುತ್ತಾರೆ. ಆದ್ದರಿಂದ ಮಾರುಕಟ್ಟೆ ಏರುವಾಗ ಮೂಲ ದರ ನಿಧಾನವಾಗಿ ಏರುತ್ತದೆ, ಇಳಿಯುವಾಗಲೂ ನಿಧಾನವಾಗಿಯೇ ಇಳಿಯುತ್ತದೆ. ಹೊಸ ಕರಾರು ಇಂದಿನ ಮಾರುಕಟ್ಟೆಯ ಲೆಕ್ಕದಲ್ಲಿ ಬರುವುದರಿಂದ, ಏರಿಕೆಯ ಕಾಲದಲ್ಲಿ ಅದು ಸಾಮಾನ್ಯವಾಗಿ ಮೂಲ ದರಕ್ಕಿಂತ ದುಬಾರಿ.

ಈಗಿರುವುದು ಏರಿಕೆಯ ಕಾಲವೇ. 13 ರಾಜ್ಯಗಳಿಗೆ ಹಬ್ಬಿರುವ ಪಿಜೆಎಂ ಜಾಲದ ಸಾಮರ್ಥ್ಯ ಹರಾಜಿನಲ್ಲಿ ದಿನಕ್ಕೆ ಮೆಗಾವಾಟ್‌ಗೆ 28.92 ಡಾಲರ್ ಇದ್ದ ಬೆಲೆ, 2025ರ ಜೂನ್‌ನಿಂದ ಶುರುವಾದ ವರ್ಷಕ್ಕೆ 269.92 ಡಾಲರ್ ಆಯಿತು. ಡೇಟಾ ಸೆಂಟರ್‌ಗಳ ಬೇಡಿಕೆ, ಹಳೆಯ ಸ್ಥಾವರಗಳ ಮುಚ್ಚುಗಡೆ ಇದಕ್ಕೆ ಮುಖ್ಯ ಕಾರಣ. ಪರಿಣಾಮವಾಗಿ 2025ರ ಜೂನ್‌ನಲ್ಲಿ ನಮ್ಮ ಬಿಲ್‌ಗಳು ಶೇ 17ರಿಂದ 20ರಷ್ಟು ಏರಿದವು. 2025ರ ನವೆಂಬರ್ ಚುನಾವಣೆಯಲ್ಲೂ ಇದೇ ದೊಡ್ಡ ವಿಷಯವಾಗಿತ್ತು. ದರ ಏರಿಕೆ ತಡೆಯುತ್ತೇನೆಂದ ಮಿಕಿ ಶೆರಿಲ್ ಗೆದ್ದರು, 2026ರ ಜನವರಿ 20ರಂದು ಗವರ್ನರ್ ಆದರು.

ಆದರೆ ಪರಿಹಾರ ಎಂದಾಗ ಕೊನೆಗೆ ಹಣ ಯಾರದು ಎಂದು ಕೇಳುವುದು ಲೆಕ್ಕಿಗರಾದ ನಮ್ಮ ಅಭ್ಯಾಸ. 2025ರ ಜುಲೈ, ಆಗಸ್ಟ್ ಬಿಲ್‌ಗಳಲ್ಲಿ ತಲಾ 30 ಡಾಲರ್ ಕಡಿಮೆಯಾಯಿತು. ಅದನ್ನು ಸೆಪ್ಟೆಂಬರ್‌ನಿಂದ ತಿಂಗಳಿಗೆ 10 ಡಾಲರ್‌ನಂತೆ ವಾಪಸ್ ಪಡೆದರು. ಅದು ಸಾಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಮೆಯಾದ ಒಟ್ಟು 100 ಡಾಲರ್ ಮಾತ್ರ ನಿಜವಾದ ರಿಯಾಯಿತಿ.

ನಮ್ಮದೇ ಒಂದು ತಪ್ಪನ್ನೂ ಹೇಳಬೇಕು. ಎರಡು ವರ್ಷಗಳ ಹಿಂದೆ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದಾಗ ಇಂಥದೇ ಪತ್ರ ಬಂದಿತ್ತು. ಒಡೆದು ನೋಡಲಿಲ್ಲ. ಕರಾರು ತಾನಾಗಿಯೇ ಬದಲಾಗುವ ದರಕ್ಕೆ ಜಾರಿತು. ಯೂನಿಟ್‌ಗೆ 4 ಸೆಂಟ್ ಹೆಚ್ಚು, ತಿಂಗಳಿಗೆ 900 ಯೂನಿಟ್, ಮೂರು ತಿಂಗಳು: 108 ಡಾಲರ್. ಸುಮಾರು 9 ಸಾವಿರ ರೂಪಾಯಿ, ಅಮ್ಮನ ಎರಡು ತಿಂಗಳ ಔಷಧದ ಖರ್ಚು. ಬೇರೆಯವರ ಲೆಕ್ಕ ನೋಡುವವರ ಮನೆಯಲ್ಲೇ ಹೀಗಾಯಿತು.

ಈ ಬಾರಿ ಕಾಗದ, ಪೆನ್ನು ಹಿಡಿದು ಕುಳಿತೆವು. ಹೊಸ ಕರಾರಿನ ದರ ಮೂಲ ದರದ ವರ್ಷದ ಸರಾಸರಿಗಿಂತ ಯೂನಿಟ್‌ಗೆ ಒಂದೂವರೆ ಸೆಂಟ್ ಹೆಚ್ಚು. ಬೇಸಿಗೆ ಮತ್ತು ಚಳಿಗಾಲದ ಮೂಲ ದರ ಬೇರೆಬೇರೆ ಇರುವುದರಿಂದ ಈ ತಿಂಗಳ ಬಿಲ್ ಒಂದನ್ನೇ ನೋಡಿ ಹೋಲಿಸಬಾರದು. ಒಂದೂವರೆ ಸೆಂಟ್ ಎಂದರೆ ತಿಂಗಳಿಗೆ 13.50 ಡಾಲರ್, 24 ತಿಂಗಳಿಗೆ 324 ಡಾಲರ್. ಫೆಬ್ರವರಿಯಿಂದ ಮೇವರೆಗೆ ನಾಲ್ಕು ತಿಂಗಳು ಮೂಲ ದರ ಬದಲಾಗದಿದ್ದರೆ, ಉಳಿದ 20 ತಿಂಗಳು ಅದು ಸರಾಸರಿ 1.8 ಸೆಂಟ್‌ಗಿಂತ ಹೆಚ್ಚು ಏರಿದರೆ ಮಾತ್ರ ನಮಗೆ ಲಾಭ.

ಏರಬಹುದೇ? ಏರಬಹುದು. ಆದರೆ ಸಾಮರ್ಥ್ಯದ ಬೆಲೆ 2026ರ ಜೂನ್‌ನಿಂದ 329.17 ಡಾಲರ್, ಅದರ ಮರುವರ್ಷ 333.44 ಡಾಲರ್ ಎಂದು ಈಗಾಗಲೇ ಗೊತ್ತಾಗಿದೆ. ಪೂರೈಕೆದಾರರೂ ಅದನ್ನು ಲೆಕ್ಕಕ್ಕೆ ಹಿಡಿದೇ ದರ ಹೇಳುತ್ತಿದ್ದಾರೆ. ಮೂಲ ದರದಲ್ಲಿ ಅದು ಎಷ್ಟು ಕಾಣಿಸುತ್ತದೆ ಎಂಬುದು ಫೆಬ್ರವರಿಯಲ್ಲಿ ತಿಳಿಯುತ್ತದೆ. ಕೆಲವೇ ವಾರಗಳಲ್ಲಿ ತಿಳಿಯುವ ಸಂಗತಿಗಾಗಿ ಇಂದೇ ಎರಡು ವರ್ಷ ಕಟ್ಟಿಹಾಕಿಕೊಳ್ಳುವುದು ಆತುರ ಎನ್ನುವುದು ನಮ್ಮ ಅಭಿಪ್ರಾಯ. ಕಾಯುವುದರಲ್ಲೂ ಅಪಾಯವಿದೆ: ಕಡು ಚಳಿಗೆ ಅನಿಲದ ಬೆಲೆ ಏರಿದರೆ ಮಾರ್ಚ್‌ನಲ್ಲಿ ಇದೇ ಕರಾರು ಇನ್ನೂ ದುಬಾರಿಯಾದೀತು. ತಿಂಗಳ ಖರ್ಚು ಒಂದೇ ಮಟ್ಟದಲ್ಲಿರಬೇಕು ಎನ್ನುವವರು ಆ ಹೆಚ್ಚುವರಿ ಹಣವನ್ನು ವಿಮೆಯ ಕಂತು ಎಂದುಕೊಳ್ಳಬಹುದು.

ವೀಸಾದ ಮೇಲಿರುವವರು ಇನ್ನೊಂದನ್ನೂ ಯೋಚಿಸಬೇಕು. ಎಚ್-1ಬಿ ನೌಕರಿ ಹೋದರೆ ಹೊಸ ದಾರಿ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಎರಡು ವರ್ಷದ ಕರಾರಿನಲ್ಲಿ ಅವಧಿಗೆ ಮುಂಚೆ ಬಿಟ್ಟರೆ ದಂಡ ಎಷ್ಟು, ಮನೆ ಬದಲಿಸಿದರೆ ವಿನಾಯಿತಿ ಇದೆಯೇ, ‘ಸ್ಥಿರ’ ಎಂದರೂ ಯಾವ ಖರ್ಚುಗಳನ್ನು ನಮ್ಮ ಮೇಲೆ ಹಾಕಬಹುದು ಎಂಬ ಮೂರು ಸಾಲುಗಳನ್ನು ಓದದೆ ಸಹಿ ಹಾಕಬಾರದು. ಬಾಗಿಲಿಗೆ ಬಂದು ಬಿಲ್ ತೋರಿಸಿ ಎನ್ನುವವರಿಗೆ ಬಿಲ್ ಕೊಡಲೇಬಾರದು. ಅದರಲ್ಲಿರುವ ಖಾತೆ ಸಂಖ್ಯೆ ಸಿಕ್ಕರೆ ಪೂರೈಕೆದಾರರನ್ನು ಬದಲಿಸುವ ದಾರಿ ಅವರಿಗೆ ತೆರೆದಂತೆ.

ನಾವು ನವೀಕರಿಸುತ್ತಿಲ್ಲ. ಸುಮ್ಮನಿದ್ದರೆ ಮತ್ತೆ ಬದಲಾಗುವ ದರಕ್ಕೆ ಬೀಳುತ್ತೇವೆ, ಹಾಗಾಗಿ ಮೂಲ ದರಕ್ಕೆ ಮರಳುವಂತೆ ಫೋನ್ ಮಾಡಿ ಹೇಳಿದ್ದೇವೆ. ಮೂಲ ದರದಿಂದ ಹೊರಬರಲು ದಂಡವಿಲ್ಲ. ಫೆಬ್ರವರಿ ಹರಾಜಿನ ಫಲಿತಾಂಶ ನೋಡಿ ಮಾರ್ಚ್‌ನಲ್ಲಿ ಮತ್ತೆ ಲೆಕ್ಕ ಹಾಕುತ್ತೇವೆ. ಮೇ ತಿಂಗಳಲ್ಲಿ ಅಪ್ಪ, ಅಮ್ಮ ಬರುತ್ತಾರೆ, ಜೂನ್‌ನಲ್ಲಿ ಹೊಸ ದರ ಬರುತ್ತದೆ. ಬಿಲ್‌ಗೆ ಹೆದರಿ ಅವರು ಸೆಕೆಯಲ್ಲಿ ಎಸಿ ಆರಿಸಿ ಕೂರುವಂತಾಗಬಾರದು. ಅದಕ್ಕಾಗಿಯೇ ಈ ಲೆಕ್ಕಾಚಾರ.