ಇಬ್ಬರು ಬಲಶಾಲಿಗಳೋ, ನಾಲ್ವರು ಸಾಮಾನ್ಯರೋ?

ಬಳಗಾನೂರಿನ ವಾಚಕರೊಬ್ಬರು ಕಳೆದ ತಿಂಗಳು ನಮಗೆ ಬರೆದ ಪತ್ರದಲ್ಲಿ ಈ ಅಂಕಣಕ್ಕೆ ಎಂದೂ ಬಾರದಂತಹ ಪ್ರಶ್ನೆಯೊಂದಿತ್ತು. ಸಿಂಧನೂರಿನಲ್ಲಿ ಬಾಗಿಲು ಮುಚ್ಚುತ್ತಿರುವ ಅಂಗಡಿಯೊಂದರಲ್ಲಿ ಎರಡು ಹಳೆಯ ಗಣಕಯಂತ್ರಗಳು ಮಾರಾಟಕ್ಕಿವೆಯಂತೆ. ಒಂದರಲ್ಲಿ ಇಂಟೆಲ್ ಸಂಸ್ಥೆಯ ಕೋರ್ 2 ಡ್ಯುಯೋ ಇ8400 ಎಂಬ ಪ್ರೊಸೆಸರ್, 2 ಜಿಬಿ ಮೆಮೊರಿ. ಇನ್ನೊಂದರಲ್ಲಿ ಅದೇ ಸಂಸ್ಥೆಯ ಕೋರ್ 2 ಕ್ವಾಡ್ ಕ್ಯೂ6600, 4 ಜಿಬಿ ಮೆಮೊರಿ. ಎರಡನೆಯದಕ್ಕೆ ಸಾವಿರ ರೂಪಾಯಿ ಹೆಚ್ಚು. ಪತ್ರ ಬರೆದವರ ಮಗಳು ಬಿ.ಕಾಂ. ಓದುತ್ತಿದ್ದಾಳೆ, ಬಿಡುವಿನಲ್ಲಿ ಊರವರಿಗೆ ಪಹಣಿ ತೆಗೆದುಕೊಡುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬಿಕೊಡುವುದು, ಕನ್ನಡ ಬೆರಳಚ್ಚು ಮಾಡುವುದು ಅವಳ ಎಣಿಕೆ. “ಹತ್ತಿ ಮಾರಿ ಸಾಲ ತೀರಿಸಿದ ಮೇಲೆ ಉಳಿದದ್ದು ಇಷ್ಟೇ. ಎರಡನೇ ಸಲ ಕೊಳ್ಳುವ ತ್ರಾಣ ನಮಗಿಲ್ಲ” ಎಂದು ಅವರು ಬರೆದಿದ್ದಾರೆ. ಅಂಗಡಿಯವನು 3 ಗಿಗಾಹರ್ಟ್ಸ್ ದೊಡ್ಡದು, 2.4 ಚಿಕ್ಕದು ಎನ್ನುತ್ತಾನೆ. ನೆರೆಮನೆಯ ಹುಡುಗ ನಾಲ್ಕು ಕೋರ್ ದೊಡ್ಡದು, ಎರಡು ಚಿಕ್ಕದು ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಡಕು ಇರುವುದೇ ಅಲ್ಲಿ.

ಗಿಗಾಹರ್ಟ್ಸ್ ಎಂಬುದು ಪ್ರೊಸೆಸರಿನ ನಾಡಿಬಡಿತ. 3 ಗಿಗಾಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ 300 ಕೋಟಿ ಬಡಿತ. ಕೋರ್ ಎಂದರೆ ಲೆಕ್ಕ ಮಾಡುವ ಒಂದು ಸ್ವತಂತ್ರ ಘಟಕ. ನಮ್ಮ ಭಾಷೆಯಲ್ಲಿ ಒಬ್ಬ ಆಳು ಎನ್ನಬಹುದು. ಅಂದಮೇಲೆ ಇ8400 ಎಂಬುದು ಚುರುಕಾದ ಇಬ್ಬರು ಆಳುಗಳಿರುವ ಮನೆ, ಕ್ಯೂ6600 ತುಸು ನಿಧಾನದ ನಾಲ್ವರು ಆಳುಗಳಿರುವ ಮನೆ. ಯಾವ ಮನೆಯ ಕೆಲಸ ಬೇಗ ಮುಗಿಯುತ್ತದೆ ಎಂದು ಕೇಳಿದರೆ, ಕೆಲಸ ಯಾವುದು ಎಂದು ನಾವು ಮರುಪ್ರಶ್ನೆ ಹಾಕಲೇಬೇಕಾಗುತ್ತದೆ.

ಇವೆರಡರ ವಂಶಾವಳಿಯನ್ನು ಮೊದಲು ನೋಡೋಣ. ಕ್ಯೂ6600 ಮಾರುಕಟ್ಟೆಗೆ ಬಂದದ್ದು 2007ರ ಜನವರಿಯಲ್ಲಿ. ಆಗ ಅದರ ಬೆಲೆ 851 ಡಾಲರ್. ಅದೇ ವರ್ಷದ ಜುಲೈಯಲ್ಲಿ ಸಂಸ್ಥೆ ಅದನ್ನು 266 ಡಾಲರಿಗೆ ಇಳಿಸಿತು. ಆರು ತಿಂಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕೆಳಗೆ! ಗಣಕಯಂತ್ರಗಳ ಪೇಟೆಯಲ್ಲಿ ಅವಸರದವನು ಯಾವಾಗಲೂ ತೆರಿಗೆ ಕಟ್ಟುತ್ತಾನೆ. ಇ8400 ಬಂದದ್ದು 2008ರ ಜನವರಿಯಲ್ಲಿ, 183 ಡಾಲರಿಗೆ. ಮೊದಲನೆಯದು 65 ನ್ಯಾನೋಮೀಟರಿನ ತಂತ್ರದಲ್ಲಿ ತಯಾರಾದುದು, ಎರಡನೆಯದು ಅದಕ್ಕಿಂತ ನವಿರಾದ 45 ನ್ಯಾನೋಮೀಟರಿನದು. ಸೂಕ್ಷ್ಮತೆ ಹೆಚ್ಚಿದಷ್ಟೂ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗ ದೊರೆಯುತ್ತದೆ ಎಂಬುದು ಅಂದಿನ ಸಾಮಾನ್ಯ ನಿಯಮ.

ಕ್ಯೂ6600ರ ಹೊಟ್ಟೆಯೊಳಗೆ ನಾಲ್ಕು ಕೋರ್‌ಗಳು ಒಂದೇ ಚಿಪ್ಪಿನಲ್ಲಿಲ್ಲ. ಎರಡೆರಡು ಕೋರ್‌ಗಳ ಎರಡು ಪ್ರತ್ಯೇಕ ಚಿಪ್ಪುಗಳನ್ನು ಒಂದೇ ಮುಚ್ಚಳದಡಿ ಕೂಡಿಸಿದ್ದಾರೆ. ಎರಡೂ ಸೇರಿ 58.2 ಕೋಟಿ ಟ್ರಾನ್ಸಿಸ್ಟರುಗಳು. ಒಂದು ಚಿಪ್ಪಿನ ಕೋರ್ ಇನ್ನೊಂದು ಚಿಪ್ಪಿನ ಕೋರಿನೊಡನೆ ಮಾತನಾಡಬೇಕಾದರೆ ಹೊರಗಿನ ದಾರಿಯಿಂದಲೇ ಹೋಗಿ ಬರಬೇಕು. ಅವಿಭಕ್ತ ಕುಟುಂಬದ ಇಬ್ಬರು ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿಕೊಂಡಂತೆ. ಆ ಹೊರಗಿನ ದಾರಿಗೆ ಫ್ರಂಟ್ ಸೈಡ್ ಬಸ್ ಎಂದು ಹೆಸರು. ಮೆಮೊರಿಯಿಂದ ಮಾಹಿತಿ ಹರಿದು ಬರುವುದೂ ಇದರಲ್ಲೇ. ಕ್ಯೂ6600ರಲ್ಲಿ ಇದರ ವೇಗ 1066, ಇ8400ರಲ್ಲಿ 1333. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನಂಬಿದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ಗದ್ದೆಗೆ ಕಿರಿದಾದ ಒಂದೇ ತೂಬು, ಎರಡು ಗದ್ದೆಗೆ ಅಗಲವಾದ ಒಂದು ತೂಬು ಎಂದರೆ ಸಾಕು.

ಕಾಲುವೆಯ ನೀರನ್ನೇ ನೆಚ್ಚದೆ ಹತ್ತಿರದಲ್ಲೇ ಒಂದಿಷ್ಟು ಕೂಡಿಟ್ಟುಕೊಳ್ಳುವ ಏರ್ಪಾಡೂ ಉಂಟು. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಹಗೇವಿನಲ್ಲಿ ಎಷ್ಟೇ ಜೋಳವಿದ್ದರೂ ರೊಟ್ಟಿ ಬಡಿಯುವ ಹೊತ್ತಿಗೆ ಹಿಟ್ಟು ಡಬ್ಬಿಯಲ್ಲಿರಬೇಕಲ್ಲವೇ? ಮೆಮೊರಿ ಹಗೇವು, ಕ್ಯಾಶ್ ಅಡುಗೆಮನೆಯ ಡಬ್ಬಿ. ಇ8400ರ ಇಬ್ಬರಿಗೆ ಕೂಡಿ 6 ಎಂಬಿಯ ಡಬ್ಬಿ. ಕ್ಯೂ6600ರಲ್ಲಿ ಒಟ್ಟು 8 ಎಂಬಿ, ಆದರೆ ಜೋಡಿಗೆ 4ರಂತೆ ಹಂಚಿದ್ದು. ತಲೆಗೆ ಲೆಕ್ಕ ಹಾಕಿದರೆ ಇ8400ರ ಆಳಿಗೇ ಹೆಚ್ಚು. ಹೀಗೆ ಒಂಟಿ ಆಳಿನ ಚುರುಕನ್ನಷ್ಟೇ ನೋಡಿದರೆ ಇ8400 ನೂರಕ್ಕೆ 25ರಷ್ಟು ಮುಂದಿದೆ; ಹೊಸ ತಂತ್ರದ ಸುಧಾರಣೆಯಿಂದ ಇನ್ನೂ ಕೊಂಚ ಮುಂದು.

ಪ್ರಸಂಗವಶಾತ್ ಒಂದು ಮಾತು. ಇ8400ಕ್ಕೆ ಆಧಾರವಾದ 45 ನ್ಯಾನೋಮೀಟರ್ ಪೀಳಿಗೆಯ ಕೋರ್‌ಗಳನ್ನೇ ಆರರಂತೆ ಜೋಡಿಸಿ, ಅವುಗಳಿಗೆ 16 ಎಂಬಿಯ ಸಮಾನ ಕಣಜವೊಂದನ್ನು ಕೊಟ್ಟು, ದೊಡ್ಡ ಸರ್ವರ್ ಯಂತ್ರಗಳಿಗಾಗಿ ಕ್ಸಿಯಾನ್ 7400 ಎಂಬ ಪ್ರೊಸೆಸರನ್ನು 2008ರ ಸೆಪ್ಟೆಂಬರಿನಲ್ಲಿ ಹೊರತಂದರು. 190 ಕೋಟಿ ಟ್ರಾನ್ಸಿಸ್ಟರುಗಳ ಆ ಚಿಪ್ಪಿನ ವಿನ್ಯಾಸ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಬಳಗಾನೂರಿನ ಮನೆಗೆ ಬರಲಿರುವ ಹಳೆಯ ಪೆಟ್ಟಿಗೆಯೊಳಗಿನ ವಸ್ತುವಿಗೆ ಕರ್ನಾಟಕದಲ್ಲಿ ಇಂಥ ದಾಯಾದಿಯೊಬ್ಬನಿದ್ದಾನೆಂದು ಆ ಮಗಳು ತಿಳಿದರೆ ಸಂತೋಷವೇ.

ಈಗ ಮೂಲ ಪ್ರಶ್ನೆಗೆ ಬರೋಣ. ಐಬಿಎಂನ ಯಂತ್ರಗಳನ್ನು ರೂಪಿಸಿದ ಜೀನ್ ಆಮ್ಡಾಲ್ ಎಂಬುವರು 1967ರಲ್ಲಿಯೇ ಒಂದು ವಾದವನ್ನು ಮುಂದಿಟ್ಟರು. ಆಳುಗಳನ್ನು ಎಷ್ಟೇ ಹೆಚ್ಚಿಸಿದರೂ, ಹಂಚಲಾಗದ ಕೆಲಸದ ಭಾಗವೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂಬುದು ಅದರ ತಿರುಳು. ಭತ್ತದ ನಾಟಿಗೆ ನಾಲ್ವರ ಬದಲು ಎಂಟು ಮಂದಿ ಹೆಣ್ಣಾಳು ಬಂದರೆ ಅರ್ಧ ಹೊತ್ತಿನಲ್ಲಿ ಮುಗಿದೀತು. ಆದರೆ ಸಸಿ ಬೆಳೆಯಲು ಬೇಕಾದ ದಿನಗಳನ್ನು ಎಂಬತ್ತು ಮಂದಿ ಬಂದರೂ ಕಡಿಮೆ ಮಾಡಲಾಗದು.

ಇದನ್ನು ನಮ್ಮ ಎರಡು ಪ್ರೊಸೆಸರುಗಳಿಗೆ ಹೊಂದಿಸಿ ಲೆಕ್ಕ ಹಾಕೋಣ. ಇ8400ರ ಒಂದೇ ಕೋರ್ 60 ನಿಮಿಷದಲ್ಲಿ ಮಾಡುವ ಕೆಲಸವೊಂದಿದೆ ಎನ್ನಿ. ಬಡಿತದ ವೇಗವನ್ನಷ್ಟೇ ಗಣಿಸಿದರೆ ಕ್ಯೂ6600ರ ಒಂದು ಕೋರಿಗೆ ಅದು 75 ನಿಮಿಷದ ಕೆಲಸ. ಅದರಲ್ಲಿ ಅರ್ಧ ಭಾಗ ಮಾತ್ರ ಹಂಚಬಹುದಾದುದು ಎಂದಿಟ್ಟುಕೊಂಡರೆ, ಇ8400 ಅದನ್ನು 30 ಮತ್ತು 15 ಕೂಡಿ 45 ನಿಮಿಷದಲ್ಲಿ ಮುಗಿಸುತ್ತದೆ. ನಾಲ್ವರಿರುವ ಕ್ಯೂ6600ಕ್ಕೆ ಸುಮಾರು 47 ನಿಮಿಷ ಬೇಕು. ನಾಲ್ವರ ಮನೆ ಸೋತಿತು! ಹತ್ತರಲ್ಲಿ ಒಂಬತ್ತು ಪಾಲು ಹಂಚಬಹುದಾದ ಕೆಲಸವಾದರೆ ಇ8400ಕ್ಕೆ 33 ನಿಮಿಷ, ಕ್ಯೂ6600ಕ್ಕೆ 24 ನಿಮಿಷಕ್ಕೆ ತುಸು ಹೆಚ್ಚು. ಇಲ್ಲಿ ಇಬ್ಬರ ಮನೆ ಸೋತಿತು. ನೂರಕ್ಕೆ ಸುಮಾರು 57 ಪಾಲು ಹಂಚಬಹುದಾದಲ್ಲಿ ಎರಡೂ ಸಮ. ಅಂಗಡಿಯವನ ಮಾತೂ ಹುಡುಗನ ಮಾತೂ ಆ 57ರ ಆಚೆ ಈಚೆ ನಿಂತಿವೆ, ಅಷ್ಟೆ.

2008ರಲ್ಲಿ ಈ ಪ್ರಶ್ನೆ ಕೇಳಿದ್ದರೆ ಬಹುಮಂದಿ ಇ8400ರ ಪರವಾಗಿಯೇ ಹೇಳುತ್ತಿದ್ದರು. ಅಂದಿನ ಬಹುಪಾಲು ತಂತ್ರಾಂಶಗಳಿಗೆ ಕೆಲಸ ಹಂಚಿಕೊಳ್ಳುವ ಅಭ್ಯಾಸವೇ ಇರಲಿಲ್ಲ. ನಾಲ್ವರಲ್ಲಿ ಇಬ್ಬರು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಮುಂದೆ ಕಾಲ ತಿರುಗಿತು. ಅದೇ 2008ರಲ್ಲಿ ಗೂಗಲ್ ಹೊರತಂದ ಕ್ರೋಮ್ ಬ್ರೌಸರ್ ತನ್ನ ಕೆಲಸವನ್ನು ಹಲವು ತುಂಡುಗಳಾಗಿ ಬೇರ್ಪಡಿಸಿ ನಡೆಸತೊಡಗಿತು, ಉಳಿದವೂ ಹಿಂಬಾಲಿಸಿದವು. ಇಂದಿನ ವಿಡಿಯೋಗಳು ಹೊಸ ಬಗೆಯ ಸಂಕೋಚನದಲ್ಲಿ ಬರುತ್ತವೆ; ಅವನ್ನು ಬಿಡಿಸುವ ಸಾಮರ್ಥ್ಯ ಆ ಕಾಲದ ಗ್ರಾಫಿಕ್ಸ್ ಭಾಗಕ್ಕಿಲ್ಲವಾದ್ದರಿಂದ ಹೊರೆಯೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ. ಆನ್‌ಲೈನ್ ಪಾಠವೊಂದು ನಡೆಯುತ್ತಿರುವಾಗಲೇ ಇನ್ನೊಂದು ಕಿಟಕಿಯಲ್ಲಿ ಅರ್ಜಿ ತುಂಬಬೇಕೆಂದರೆ ನಾಲ್ವರಿರುವ ಮನೆಯೇ ಮೇಲು. ಹೊಸದರಲ್ಲಿ ದುಬಾರಿಯಾಗಿ ಕಂಡ ಕ್ಯೂ6600 ಮುಪ್ಪಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹೀಗೆ.

ನಮ್ಮಂತಹ ಗ್ರಂಥಪ್ರಿಯರಿಗೆ ಇನ್ನೊಂದು ಲಾಭವುಂಟು. ಹಳೆಯ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ, ಟೆಸೆರ‍್ಯಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಬಹುದು. ಒಂದು ಪುಟಕ್ಕೂ ಮತ್ತೊಂದು ಪುಟಕ್ಕೂ ಸಂಬಂಧವಿಲ್ಲದ ಕಾರಣ ನಾಲ್ಕು ಕೋರ್‌ಗಳಿಗೆ ನಾಲ್ಕು ಪುಟ ಹಚ್ಚಬಹುದು. ಹಂಚಿಕೆಗೆ ಇದಕ್ಕಿಂತ ಸಲೀಸಾದ ಕೆಲಸ ನಮಗೆ ತಿಳಿದಿಲ್ಲ. ಆದರೆ ನುಡಿ, ಬರಹಗಳಲ್ಲಿ ಬೆರಳಚ್ಚು ಮಾಡುವುದಷ್ಟೇ ಉದ್ದೇಶವಾದರೆ ಎರಡೂ ಒಂದೇ; ಅಲ್ಲಿ ತಡ ಮಾಡುವುದು ಪ್ರೊಸೆಸರ್ ಅಲ್ಲ, ನಮ್ಮ ಬೆರಳು.

ವಿದ್ಯುತ್ತಿನ ಲೆಕ್ಕವನ್ನು ಬಿಡಲಾಗದು. ಇ8400ರ ಶಾಖದ ಮಿತಿ 65 ವ್ಯಾಟ್. ಕ್ಯೂ6600ರಲ್ಲಿ ಎರಡು ಬಗೆ: ಮೊದಲು ಬಂದವು 105 ವ್ಯಾಟ್, ಆಮೇಲೆ ಸುಧಾರಿಸಿದವು 95. ಮುಚ್ಚಳದ ಮೇಲೆ ‘ಎಸ್‌ಎಲ್‌ಎಸಿಆರ್’ ಎಂಬ ಗುರುತಿದ್ದರೆ ಸುಧಾರಿಸಿದ ಬಗೆಯದೆಂದು ತಿಳಿಯಬೇಕು. 30 ವ್ಯಾಟಿನ ಅಂತರವನ್ನು ದಿನಕ್ಕೆ 6 ಗಂಟೆಯಂತೆ ವರ್ಷವಿಡೀ ಎಣಿಸಿದರೆ ಸುಮಾರು 66 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 460 ರೂಪಾಯಿ. ಇದು ಯಂತ್ರ ಪೂರ್ಣ ಶ್ರಮದಲ್ಲಿದ್ದಾಗಿನ ಮಾತು. ನಿತ್ಯದ ಬಳಕೆಯಲ್ಲಿ ಇಷ್ಟಾಗದು. ರಾಯಚೂರು ಜಿಲ್ಲೆಯಲ್ಲಿ ಹಣಕ್ಕಿಂತ ಬೇಸಿಗೆಯೇ ದೊಡ್ಡ ಚಿಂತೆ. ಹೊರಗೆ 40 ಡಿಗ್ರಿ ದಾಟಿದಾಗ ಒಳಗಿನ ಫ್ಯಾನು ಬಿಸಿ ಗಾಳಿಯನ್ನೇ ಬೀಸಬೇಕಾಗುತ್ತದೆ, ಕರೆಂಟು ಹೋದಾಗ ಯುಪಿಎಸ್ ಬೇಗ ಬರಿದಾಗುತ್ತದೆ.

ಇಷ್ಟೆಲ್ಲ ತೂಗಿ ನೋಡಿ ನಾವು ಹೇಳುವುದು: ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕ್ಯೂ6600 ಯಂತ್ರವನ್ನೇ ತರಬೇಕು. ನಾಲ್ಕು ಕೋರ್‌ಗಳಿಗಾಗಿ ಅರ್ಧ, ಆ 4 ಜಿಬಿ ಮೆಮೊರಿಗಾಗಿ ಇನ್ನರ್ಧ. 2 ಜಿಬಿಯಲ್ಲಿ ಇಂದಿನ ಬ್ರೌಸರ್ ಉಸಿರುಗಟ್ಟುತ್ತದೆ. ಎರಡರಲ್ಲೂ ಮೆಮೊರಿ ಸಮವಾಗಿದ್ದಿದ್ದರೆ ನಾವು ಇ8400 ತಂದು, ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ಎಸ್‌ಎಸ್‌ಡಿ ಹಾಕಿಸಿರೆಂದು ಹೇಳುತ್ತಿದ್ದೆವೇನೋ. ಹಳೆಯ ಹಾರ್ಡ್‌ಡಿಸ್ಕ್ ಇದ್ದಲ್ಲಿ ಯಾವ ಪ್ರೊಸೆಸರೂ ಓಡದು. ಆದುದರಿಂದ ಆ ಖರ್ಚನ್ನು ಮುಂದಿನ ಪೀಕಿಗಾದರೂ ಇಟ್ಟುಕೊಳ್ಳಲಿ. ಚೌಕಾಶಿಗೆ ಒಂದು ಆಯುಧವನ್ನೂ ಕೊಡುತ್ತೇವೆ: 2011ರಲ್ಲಿ ಬಂದ ಕೋರ್ ಐ3-2100 ಎಂಬ ಕೆಳದರ್ಜೆಯ ಪ್ರೊಸೆಸರ್ ಕೇವಲ ಎರಡು ಕೋರ್‌ಗಳಿಂದ, 65 ವ್ಯಾಟಿನ ಮಿತಿಯಲ್ಲಿ, ಬಹಳಷ್ಟು ಕೆಲಸಗಳಲ್ಲಿ ಇವೆರಡನ್ನೂ ಹಿಂದೆ ಹಾಕಿತು. ಸೆಕೆಂಡ್‌ಹ್ಯಾಂಡಿನಲ್ಲಿ ಅಂಥ ಯಂತ್ರ ಇದೇ ಬೆಲೆಗೆ ಸಿಕ್ಕರೆ ಎರಡನ್ನೂ ಬಿಟ್ಟು ಅದನ್ನೇ ಹಿಡಿಯಬೇಕು.

ವಿಂಡೋಸ್ ವಿಷಯದಲ್ಲಿ ಭ್ರಮೆ ಬೇಡ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಈ ಎರಡೂ ಅರ್ಹವಲ್ಲ. 2024ರ ಆವೃತ್ತಿಯಿಂದೀಚೆಗೆ ಅದು ಬೇಡುವ ಕೆಲವು ಆದೇಶಗಳು ಇವುಗಳಿಗೆ ಹುಟ್ಟಿನಿಂದಲೇ ಬಾರವು. ಅಂಗಡಿಯವನು “ಹೇಗೋ ಹಾಕಿಕೊಡುತ್ತೇನೆ” ಎಂದರೆ ಒಪ್ಪಕೂಡದು. ಊರವರ ಆಧಾರ್, ಬ್ಯಾಂಕಿನ ಕಾಗದಗಳು ಹಾದುಹೋಗುವ ಯಂತ್ರವಿದು. 64 ಬಿಟ್‌ನ ಲಿನಕ್ಸ್ ಮಿಂಟ್ ಹಾಕಿಕೊಳ್ಳಲಿ. ಉಚಿತ, ಕಗಪ ಕೀಲಿವಿನ್ಯಾಸದಲ್ಲಿ ಯೂನಿಕೋಡ್ ಕನ್ನಡವನ್ನೂ ಅದರಲ್ಲಿ ಮೂಡಿಸಬಹುದು. ನುಡಿಯ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವ ಕಷ್ಟ ಮಾತ್ರ ಉಳಿಯುತ್ತದೆ.

ಸಿಂಧನೂರಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಲಿ, ಬಳಸುವವಳು ಅವಳು. ಆ ಲಿನಕ್ಸನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಡಿಸ್ಕನ್ನು ಮುಟ್ಟದೆಯೇ ಯಂತ್ರವನ್ನು ಎಬ್ಬಿಸಬಹುದು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಂಬದೆ, ಒಳಗಿರುವುದು ನಾಲ್ಕು ಕೋರ್‌ಗಳೇ ಎಂದು ಪರದೆಯ ಮೇಲೆ ನೋಡಿಕೊಳ್ಳಬೇಕು. ಪಕ್ಕದ ಹಲಗೆ ತೆಗೆಸಿ, ಮದರ್‌ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರುಗಳಿದ್ದರೆ ಮಾತು ಮುಂದುವರಿಸಬಾರದು. ಧೂಳು ಊದಿಸಿ, ಪ್ರೊಸೆಸರಿಗೂ ಫ್ಯಾನಿಗೂ ನಡುವಣ ಥರ್ಮಲ್ ಪೇಸ್ಟನ್ನು ಹೊಸದಾಗಿ ಹಚ್ಚಿಸಿಕೊಡುವಂತೆ ಕೇಳಬೇಕು. ಆಮೇಲೆ ಒಂದು ವಿಡಿಯೋ ಹಚ್ಚಿ, ಅಲ್ಲಿಯೇ ಅರ್ಧ ಗಂಟೆ ಕುಳಿತು ಚಹಾ ಕುಡಿಯಲಿ. ಅಷ್ಟರೊಳಗೆ ಯಂತ್ರ ತಾನಾಗಿ ಆರಿದರೆ, ಹಣವನ್ನು ಕಿಸೆಯಲ್ಲೇ ಇಟ್ಟುಕೊಂಡು ಸಂಜೆಯ ಬಸ್ಸಿಗೆ ಬಳಗಾನೂರಿಗೆ ಹಿಂದಿರುಗಲಿ.